ಗ್ಯಾಸ್ ಒಲೆಯ ನಾಬ್ ಬಿಗಿಯಾಗಿದೆಯಾ? ಗ್ರೀಸ್ ಸಾಕಾ, ವಾಲ್ವ್ ಬದಲಿಸಬೇಕಾ, ಹೊಸ ಒಲೆಯೇ ಬೇಕಾ?

ಹಳೆಯ ಗ್ಯಾಸ್ ಒಲೆಯ ನಾಬ್ ತಿರುಗದೆ ಕೂತರೆ ಸಲಹೆಗೆ ಬರವಿಲ್ಲ. ರಿಪೇರಿಯವರು "ವಾಲ್ವ್ ಹೋಗಿದೆ, ಹೊಸದು ಹಾಕಬೇಕು" ಅನ್ನುತ್ತಾರೆ. ಅಂಗಡಿಯವರು "ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಸುರೀತೀರಿ, ಹೊಸ ಒಲೆ ತಗೊಳ್ಳಿ" ಅನ್ನುತ್ತಾರೆ. ಪಕ್ಕದ ಮನೆಯವರು "ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಸರಿಹೋಗುತ್ತೆ" ಅನ್ನುತ್ತಾರೆ. ಕೊನೆಯವರ ಮಾತನ್ನು ಮಾತ್ರ ಕೇಳಲೇಬೇಡಿ. ಉಳಿದಿಬ್ಬರಲ್ಲಿ ಯಾರು ಸರಿ ಅನ್ನುವುದು ನಿಮ್ಮ ಒಲೆಯ ಸ್ಥಿತಿ ನೋಡಿ ತೀರ್ಮಾನವಾಗಬೇಕು.

ಇಲ್ಲಿ ಹೇಳುವುದೆಲ್ಲ ಮನೆಯ ಒಲೆಗೆ, ಅಂದರೆ 14.2 ಕೆ.ಜಿ. ಸಿಲಿಂಡರ್‌ಗೆ ಮಾಮೂಲಿ ರೆಗ್ಯುಲೇಟರ್ ಹಾಕಿ ಉರಿಸುವ ಎರಡು, ಮೂರು ಅಥವಾ ನಾಲ್ಕು ಬರ್ನರ್‌ನ ಒಲೆಗೆ. ಮದುವೆ ಅಡುಗೆಯವರ ದೊಡ್ಡ ಒಲೆ ಹೆಚ್ಚಿನ ಒತ್ತಡದಲ್ಲಿ ಉರಿಯುತ್ತದೆ. ಅದರ ಲೆಕ್ಕವೇ ಬೇರೆ.

ಮುಂದೆ ಓದುವ ಮೊದಲು ಒಂದು ಕೆಲಸ. ನಾಬ್ ಅರ್ಧ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ರೆಗ್ಯುಲೇಟರ್ ಆಫ್ ಮಾಡಿ, ತೆಗೆದು, ಸಿಲಿಂಡರ್ ಬಾಯಿಗೆ ದಾರ ಕಟ್ಟಿರುವ ಮುಚ್ಚಳ ಹಾಕಿಬಿಡಿ. "ಅಲ್ಲಿವರೆಗೆ ರೆಗ್ಯುಲೇಟರ್‌ನಲ್ಲೇ ಆನ್ ಆಫ್ ಮಾಡ್ಕೊಳ್ತೀವಿ" ಅನ್ನುವ ಮನೆಗಳು ಬೇಕಾದಷ್ಟಿವೆ. ನಾಬ್ ತೆರೆದೇ ಇರುವುದು ಮರೆತು ಯಾರೋ ರೆಗ್ಯುಲೇಟರ್ ಹಾಕಿ ಲೈಟರ್ ಹುಡುಕುತ್ತಾ ನಿಂತರೆ ಆಗುವ ಅನಾಹುತ ದೊಡ್ಡದು. ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೆಲದ ಮೇಲೆ ಹರಡಿ ಕೂರುತ್ತದೆ.

ಒಳಗೆ ಏನಿದೆ?

ನಾಬ್ ಹಿಂದೆ ಇರುವ ವಾಲ್ವ್‌ಗೆ ರಿಪೇರಿಯವರು 'ಕಾಕ್' ಅನ್ನುತ್ತಾರೆ. ಸಾಮಾನ್ಯವಾಗಿ ಹಿತ್ತಾಳೆಯದು. ಹಿತ್ತಾಳೆಯ ಗೂಡಿನೊಳಗೆ, ಒಂದು ತುದಿಗೆ ಸಣ್ಣದಾಗುತ್ತಾ ಹೋಗುವ ಹಿತ್ತಾಳೆಯ ಬಿರಡೆ ಇರುತ್ತದೆ. ಬಿರಡೆಯಲ್ಲಿ ತೂತು. ನಾಬ್ ತಿರುಗಿಸಿದಾಗ ಬಿರಡೆ ತಿರುಗಿ, ತೂತು ದಾರಿಗೆ ಸರಿಯಾಗಿ ಬಂದರೆ ಗ್ಯಾಸ್ ಹರಿಯುತ್ತದೆ. ಪಕ್ಕಕ್ಕೆ ಹೋದರೆ ನಿಲ್ಲುತ್ತದೆ. ಒಳಗೆ ರಬ್ಬರ್ ವಾಷರ್ ಕೆಲಸ ಏನೂ ಇಲ್ಲ. ಲೋಹಕ್ಕೆ ಲೋಹ ಕೂತಿರುತ್ತದೆ, ಮಧ್ಯೆ ಗ್ರೀಸ್‌ನ ತೆಳು ಪದರ.

ಎಲ್ಲ ತೀರ್ಮಾನವೂ ಈ ಪದರದ ಮೇಲೆಯೇ ನಿಂತಿದೆ. ಗ್ರೀಸ್ ಇರುವುದು ನಾಬ್ ಸಲೀಸಾಗಿ ತಿರುಗಲಿ ಅಂತ ಮಾತ್ರ ಅಲ್ಲ. ಗ್ಯಾಸ್ ಸೋರದಂತೆ ತಡೆಯುವುದೂ ಅದೇ. ವರ್ಷಗಟ್ಟಲೆ ಬರ್ನರ್ ಶಾಖಕ್ಕೆ ಗ್ರೀಸ್ ಒಣಗುತ್ತದೆ. ಉಕ್ಕಿದ ಹಾಲು, ಚೆಲ್ಲಿದ ಸಾರು ನಾಬ್ ಕೂರುವ ಲೋಹದ ಕಡ್ಡಿಯ ಸಂದಿಗೆ ಇಳಿದು ಗಟ್ಟಿಯಾಗುತ್ತದೆ. ನಾಬ್ ಬಿಗಿಯಾಗುತ್ತದೆ. ಆಗ ಎಣ್ಣೆ ಬಿಟ್ಟರೆ ಉಳಿದಿದ್ದ ಒಂಚೂರು ಗ್ರೀಸೂ ಕರಗಿ ಜಾರುತ್ತದೆ. ನಾಬ್ ಬೆಣ್ಣೆಯಂತೆ ತಿರುಗುತ್ತದೆ, ಆದರೆ ಮುಚ್ಚಿದ ವಾಲ್ವ್‌ನಿಂದಲೂ ಗ್ಯಾಸ್ ನುಸುಳಬಹುದು. ಕೊಬ್ಬರಿ ಎಣ್ಣೆಯಾದರೆ ಇನ್ನೂ ಒಂದು ತಾಪತ್ರಯ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಶಾಖಕ್ಕೆ ಅಂಟಂಟಾಗುತ್ತದೆ. ಚಳಿಗಾಲದ ಬೆಳಗ್ಗೆ ನಾಬ್ ಮೊದಲಿಗಿಂತ ಬಿಗಿ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಗಾಡಿಗೆ ಹಾಕುವ ಗ್ರೀಸ್, ಯಾವುದೂ ಬೇಡ. ಎಲ್‌ಪಿಜಿಗೆ ಕರಗದ, ಶಾಖ ತಡೆಯುವ ಗ್ಯಾಸ್ ಕಾಕ್ ಗ್ರೀಸ್ ಅಂತಲೇ ಬೇರೆ ಸಿಗುತ್ತದೆ.

ಆದ್ದರಿಂದ ನಾಬ್ ತಿರುಗಿತು ಅಂದ ಮಾತ್ರಕ್ಕೆ ರಿಪೇರಿ ಆಯಿತು ಅನ್ನಬೇಡಿ. ಮುಚ್ಚಿದಾಗ ಗ್ಯಾಸ್ ನಿಲ್ಲಬೇಕು. ಅದೇ ಪರೀಕ್ಷೆ.

ಯಾವ ಅಳತೆಗೋಲಿನಿಂದ ನೋಡಬೇಕು?

ಮೊದಲು ಸುರಕ್ಷತೆ. ನಾಬ್ ಆಫ್ ಇದ್ದು ರೆಗ್ಯುಲೇಟರ್ ಆನ್ ಇದ್ದಾಗ ಬರ್ನರ್ ಹತ್ತಿರ ವಾಸನೆ ಬರುತ್ತದೆಯೇ? ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ವಾಸನೆ ಬಂದರೆ ನಾಬ್ ಬಿಗಿಯೋ ಸಡಿಲವೋ ಅನ್ನುವ ಪ್ರಶ್ನೆಯೇ ಇಲ್ಲ, ಆ ಒಲೆ ಇವತ್ತಿಗೆ ನಿಂತಿತು. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಲೈಟ್ ಸ್ವಿಚ್ ಮುಟ್ಟಬೇಡಿ. ಎಲ್‌ಪಿಜಿ ತುರ್ತು ಸಂಖ್ಯೆ 1906.

ಆಮೇಲೆ, ಬಿಗಿ ನಿಜವಾಗಿ ಎಲ್ಲಿದೆ ಅಂತ ನೋಡಿ. ಇದನ್ನು ನೀವೇ ಪತ್ತೆ ಮಾಡಬಹುದು. ರೆಗ್ಯುಲೇಟರ್ ಆಫ್ ಮಾಡಿ ನಾಬ್ ಹೊರಕ್ಕೆ ಎಳೆಯಿರಿ. ಹೆಚ್ಚಿನ ಒಲೆಗಳಲ್ಲಿ ಸುಮ್ನೆ ಎಳೆದರೆ ಬರುತ್ತದೆ. ಒಳಗಿನ ಲೋಹದ ಕಡ್ಡಿಯನ್ನು ಬೆರಳಿನಿಂದ ಒತ್ತಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ವಾಲ್ವ್ ಚೆನ್ನಾಗಿಯೇ ಇದೆ, ತೊಂದರೆ ಪ್ಲಾಸ್ಟಿಕ್ ನಾಬ್‌ನದು. ತಿರುಗದಿದ್ದರೆ ತೊಂದರೆ ಒಳಗಿದೆ. ಪಕ್ಕಡ್ ಹಿಡಿದು ತಿರುವಲು ಹೋಗಬೇಡಿ. ಕಡ್ಡಿ ಬಗ್ಗಿದರೆ ಗ್ರೀಸ್‌ನಲ್ಲಿ ಮುಗಿಯಬಹುದಾಗಿದ್ದ ಕೆಲಸ ಹೊಸ ವಾಲ್ವ್‌ವರೆಗೆ ಹೋಗುತ್ತದೆ.

ಮೂರನೆಯದು ಒಲೆಯ ಉಳಿದ ಮೈ. ಒಲೆಯನ್ನು ಬಗ್ಗಿಸಿ ತಳ ನೋಡಿ. ಗ್ಯಾಸ್ ಹರಿಯುವ ಕೊಳವೆ, ಬರ್ನರ್ ಕೆಳಗೆ ಗ್ಯಾಸ್ ಗಾಳಿ ಬೆರೆಯುವ ಮಿಕ್ಸಿಂಗ್ ಟ್ಯೂಬ್, ಕಾಲುಗಳು ಹೇಗಿವೆ? ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಮೇಲೆ ಫಳಫಳ ಅನ್ನುವ ಒಲೆಯ ತಳವೂ ತುಕ್ಕು ತಿಂದಿರುತ್ತದೆ. ಇದರ ಜೊತೆಗೆ ಬಿಡಿಭಾಗ ಸಿಗುತ್ತದೆಯೇ, ಕೆಲಸ ಬಲ್ಲವರು ಹತ್ತಿರ ಇದ್ದಾರೆಯೇ ಅನ್ನುವುದನ್ನೂ ನೋಡಬೇಕು. ದುಡ್ಡಿನ ಮಾತು ಕೊನೆಗೆ. ಕೆಳಗೆ ಹೇಳುವ ದರಗಳು ಅಂದಾಜು ಮಾತ್ರ, ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ.

ನಾಬ್ ಮಾತ್ರ ಬದಲಿಸುವುದು

ಕಡ್ಡಿ ಸಲೀಸಾಗಿ ತಿರುಗಿತು ಅಂದರೆ ಇಷ್ಟೇ ಸಾಕು. ನಾಬ್ ಶಾಖಕ್ಕೆ ಸೊಟ್ಟಗಾಗಿ ಪಟ್ಟಿಗೆ ಉಜ್ಜುತ್ತಿರಬಹುದು, ಅಥವಾ ಒಳಗಿನ ತೂತು ಸವೆದು ಕಡ್ಡಿಯ ಮೇಲೆ ಸುಮ್ನೆ ಸುತ್ತುತ್ತಿರಬಹುದು. ಜಿಡ್ಡು ಮಾತ್ರ ಇದ್ದರೆ ಬಿಸಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹೊಸ ನಾಬ್ ಆದರೂ ನೂರು ರೂಪಾಯಿ ಒಳಗೇ ಬರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ಯಿರಿ, ತೂತಿನ ಆಕಾರ ಒಲೆಯಿಂದ ಒಲೆಗೆ ಬೇರೆ. ಇಷ್ಟಕ್ಕೆ ಯಾರಾದರೂ ವಾಲ್ವ್ ಬದಲಿಸಿದರೆ ನಿಮ್ಮ ದುಡ್ಡು ಹೋಯಿತು ಅಂತಲೇ ಲೆಕ್ಕ.

ಬಿಚ್ಚಿ ಗ್ರೀಸ್ ಹಾಕಿಸುವುದು

ಕೈ ಪಳಗಿದವರಿಗೆ ಇದು ಸಣ್ಣ ಕೆಲಸ. ಮನೆಗೆ ಬಂದು ಮಾಡಿದರೆ ಸುಮಾರು 200ರಿಂದ 400 ರೂಪಾಯಿ. ಒಲೆಯನ್ನೇ ಅಂಗಡಿಗೆ ಹೊತ್ತುಕೊಂಡು ಹೋದರೆ ಇನ್ನೂ ಕಡಿಮೆ. ಮೊದಲು ಚೆನ್ನಾಗಿ ತಿರುಗುತ್ತಿದ್ದು, ಕೆಲವು ತಿಂಗಳಿಂದ ನಿಧಾನವಾಗಿ ಬಿಗಿಯಾಗುತ್ತಾ ಬಂದ, ಆದರೆ ಎಲ್ಲೂ ಸೋರದ ವಾಲ್ವ್‌ಗೆ ಇದೇ ಸರಿ. ಭಾರವಾದ ಹಳೆಯ ಒಲೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಲವರ ಮನೆಯಲ್ಲಿ ಇಪ್ಪತ್ತು ವರ್ಷದ ಒಲೆಯ ಕಾಕ್ ಇವತ್ತಿನ ಅಗ್ಗದ ಒಲೆಯ ಕಾಕ್‌ಗಿಂತ ತೂಕವಾಗಿರುತ್ತದೆ. ಅಂಥದ್ದನ್ನು ಬಿಸಾಡಬೇಡಿ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ಕೆಲವು ಸಂಗತಿ ಗಮನಿಸಿ. ಬಿರಡೆಯನ್ನು ಬಟ್ಟೆಯಿಂದ ಒರೆಸಬೇಕು. ಎಮರಿ ಪೇಪರ್‌ನಿಂದ ಉಜ್ಜಿ ಹೊಳೆಸಿದರೆ ನೋಡಲು ಚೆಂದ, ಆದರೆ ಗೀರು ಬಿದ್ದಲ್ಲಿ ಗ್ಯಾಸ್‌ಗೆ ದಾರಿಯಾಗುತ್ತದೆ. ಒಂದು ಬಿರಡೆ ಅದರದೇ ಗೂಡಿಗೆ ಹೊಂದಿಕೊಂಡಿರುತ್ತದೆ. ಎರಡನ್ನೂ ಒಟ್ಟಿಗೆ ಬಿಚ್ಚಿ, ಎಡಗಡೆಯದನ್ನು ಬಲಕ್ಕೆ ಹಾಕಿದರೆ ಎರಡೂ ಕೆಡಬಹುದು. ಒಂದು ಮುಗಿಸಿ ಇನ್ನೊಂದು ಬಿಚ್ಚಲು ಹೇಳಿ. ಗ್ರೀಸ್ ತೆಳ್ಳಗೆ ಸವರಬೇಕು. ಜಾಸ್ತಿ ಮೆತ್ತಿದರೆ ಬಿರಡೆಯ ಸಣ್ಣ ತೂತು ಮುಚ್ಚಿ, ಸಿಮ್‌ನಲ್ಲಿ ಉರಿ ಆರಿಹೋಗುತ್ತದೆ.

ಇದರ ಮಿತಿಯೂ ಗೊತ್ತಿರಲಿ. ಬಿರಡೆಯಲ್ಲಿ ಆಗಲೇ ಗೀರು ಬಿದ್ದಿದ್ದರೆ ಗ್ರೀಸ್ ಅದನ್ನು ಕೆಲವು ದಿನ ಮುಚ್ಚಿಡುತ್ತದೆ ಅಷ್ಟೇ. ಗ್ರೀಸ್ ಹಾಕಿಸಿ ಬೇಗನೆ ಮತ್ತೆ ಬಿಗಿಯಾದರೆ ಇನ್ನೊಮ್ಮೆ ಗ್ರೀಸ್‌ಗೆ ದುಡ್ಡು ಕೊಡಬೇಡಿ.

ನೀವೇ ಮಾಡಬಹುದಾ ಅಂತ ಕೇಳುವವರಿಗೆ: ಬೇಡ. ಬಿಚ್ಚುವುದು ಸುಲಭ. ಆದರೆ ಸ್ಪ್ರಿಂಗ್ ಸರಿಯಾಗಿ ಕೂರಿಸಿ, ಮತ್ತೆ ಜೋಡಿಸಿ, ಸೋರುವುದಿಲ್ಲ ಅಂತ ಖಾತ್ರಿ ಮಾಡುವುದಕ್ಕೆ ಪಳಗಿದ ಕೈ ಬೇಕು. ಇನ್ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ವಾಲ್ವ್ ಬದಲಿಸುವುದು

ಕಡ್ಡಿ ಬಗ್ಗಿದ್ದರೆ, ಬಿರಡೆಯಲ್ಲಿ ಗೀರಿದ್ದರೆ, ಮುಚ್ಚಿದರೂ ಗ್ಯಾಸ್ ನುಸುಳುತ್ತಿದ್ದರೆ, ಒತ್ತಿ ತಿರುಗಿಸುವ ಸ್ಪ್ರಿಂಗ್ ಸತ್ತು ನಾಬ್ ಒತ್ತದೆಯೇ ತಿರುಗುತ್ತಿದ್ದರೆ ಹೊಸ ವಾಲ್ವ್ ಬೇಕು. ಆ ಸ್ಪ್ರಿಂಗ್ ಇರುವುದು ಮಗುವಿನ ಕೈಗೋ ಸೀರೆಯ ಸೆರಗಿಗೋ ಸಿಕ್ಕಿ ನಾಬ್ ತನ್ನಷ್ಟಕ್ಕೆ ತೆರೆಯದಿರಲಿ ಅಂತ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ನೋಡಬೇಡಿ.

ವಾಲ್ವ್ ಮತ್ತು ಕೂಲಿ ಸೇರಿ ಒಂದು ಬರ್ನರ್‌ಗೆ ಸುಮಾರು 400ರಿಂದ 700 ರೂಪಾಯಿ ಇಟ್ಟುಕೊಳ್ಳಿ. ಆಟೋ ಇಗ್ನಿಷನ್ ಇದ್ದರೆ ಜಾಸ್ತಿ. ಇಲ್ಲಿ ಕಷ್ಟ ದುಡ್ಡಿನದಲ್ಲ, ಹೊಂದಾಣಿಕೆಯದು. ಕೊಳವೆಗೆ ಕೂರುವ ಮರೆ (ಸ್ಕ್ರೂಗಿರುವಂಥ ಸುತ್ತು), ಕಡ್ಡಿಯ ಉದ್ದ, ತುದಿಯಲ್ಲಿ ಗ್ಯಾಸ್ ಚಿಮ್ಮುವ ಸಣ್ಣ ಮೂತಿಯ, ಅಂದರೆ ಜೆಟ್‌ನ ತೂತು, ಇವೆಲ್ಲ ಹಳೆಯದಕ್ಕೆ ಸರಿಹೊಂದಬೇಕು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮ ಮಾದರಿಯದೇ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ಹಾಕಿಸಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಹಳೆಯದನ್ನೂ ಹೊಸದನ್ನೂ ಎರಡು ಕೈಯಲ್ಲಿ ಹಿಡಿದು ನೋಡಿ. ಹೊಸದು ತೀರಾ ಹಗುರ ಅನ್ನಿಸಿದರೆ ಬೇಡ ಅನ್ನಿ. ಹೊಂದದ ಮರೆಗೆ ಟೇಪ್ ಸುತ್ತಿ, ಎಂ-ಸೀಲ್ ಮೆತ್ತಿ ಕೂರಿಸುವವರಿದ್ದಾರೆ. ಅಂಥ ಕೆಲಸಕ್ಕೆ ಒಪ್ಪಲೇಬೇಡಿ.

ಗಾಜಿನ ಒಲೆಯವರಿಗೆ ಪ್ರತ್ಯೇಕ ಮಾತು. ಸ್ಟೀಲ್ ಒಲೆಯಲ್ಲಿ ನಾಬ್ ಎದುರಿನ ಪಟ್ಟಿಯಲ್ಲಿರುತ್ತದೆ. ಅನೇಕ ಗಾಜಿನ ಒಲೆಗಳಲ್ಲಿ ಅದು ಗಾಜಿನ ಮೇಲೆಯೇ ಇರುತ್ತದೆ. ಉಕ್ಕಿದ ಹಾಲು ನೇರ ಕಡ್ಡಿಯ ಸುತ್ತಲಿನ ತೂತಿಗೇ ಇಳಿಯುತ್ತದೆ. ಹಾಗಾಗಿ ಅವುಗಳ ವಾಲ್ವ್ ಬೇಗ ಹಿಡಿಯುತ್ತದೆ. ಬದಲಿಸುವಾಗ ಗಾಜನ್ನು ಎತ್ತಬೇಕಾಗಬಹುದು, ಸ್ಕ್ರೂ ಜಾಸ್ತಿ ಬಿಗಿದರೆ ಗಾಜು ಒಡೆಯಬಹುದು. ಗಾಜು ಒಡೆದರೆ ಜವಾಬ್ದಾರಿ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಸಾಧ್ಯವಾದರೆ ಗಾಜಿನ ಒಲೆಗೆ ಕಂಪನಿಯವರನ್ನೇ ಕರೆಸಿ.

ಒಂದು ಕೆಟ್ಟರೆ ಎಲ್ಲವನ್ನೂ ಬದಲಿಸಬೇಕಾ? ದಿನವೂ ಕುಕ್ಕರ್ ಕೂರುವ ದೊಡ್ಡ ಬರ್ನರ್‌ನದು ಮೊದಲು ಕೆಡುತ್ತದೆ. ಉಳಿದವು ಚೆನ್ನಾಗಿದ್ದರೆ ಅವಕ್ಕೆ ಗ್ರೀಸ್ ಹಾಕಿಸಿದರೆ ಸಾಕು. ಎರಡು ಬರ್ನರ್ ಒಲೆಯಲ್ಲಿ ಎರಡೂ ಹೋಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಸಾವಿರಕ್ಕೂ ಮೇಲೆ ಹೋಗುವ ಖರ್ಚಿಗೆ ಹೊಸ ಒಲೆಯ ಬೆಲೆ ಪಕ್ಕದಲ್ಲೇ ನಿಂತಿರುತ್ತದೆ.

ಹೊಸ ಒಲೆ

ಕೊಳವೆಗೆ ತುಕ್ಕು ಹಿಡಿದಿದ್ದರೆ ಯೋಚನೆಯೇ ಬೇಡ, ಹೊಸದು ತನ್ನಿ. ಮಿಕ್ಸಿಂಗ್ ಟ್ಯೂಬ್ ತೂತು ಬಿದ್ದಿದ್ದರೆ, ಬರ್ನರ್ ಸವೆದು ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದ್ದರೆ, ವಾಲ್ವ್‌ಗೆ ಹಾಕುವ ದುಡ್ಡು ದಂಡ. ಎರಡು ಬರ್ನರ್‌ನ ಸ್ಟೀಲ್ ಒಲೆ ಸುಮಾರು 1,500ರಿಂದ 3,000 ರೂಪಾಯಿಗೆ, ಮೂರು ಬರ್ನರ್‌ನ ಗಾಜಿನದು ಸುಮಾರು 3,000ರಿಂದ 7,000ಕ್ಕೆ ಸಿಗುತ್ತದೆ.

ಕೊಳ್ಳುವಾಗ ಐಎಸ್‌ಐ ಮುದ್ರೆ ಮತ್ತು ಅದರ ಮೇಲೆ ಐಎಸ್ 4246 ಅನ್ನುವ ಸಂಖ್ಯೆ ನೋಡಿ. ಮನೆಯ ಎಲ್‌ಪಿಜಿ ಒಲೆಗಳ ಮಾನದಂಡ ಅದೇ. ಅದರ ಪ್ರಕಾರ ಒಲೆಯ ದಕ್ಷತೆ ಶೇ 68ಕ್ಕಿಂತ ಕಡಿಮೆ ಇರುವಂತಿಲ್ಲ. ಸ್ಟಾರ್ ಲೇಬಲ್ ಇದ್ದರೆ ಹೆಚ್ಚು ಸ್ಟಾರ್ ಇರುವುದನ್ನು ಆರಿಸಿ, ಬರ್ನರ್ ಹಾಳಾದ ಹಳೆಯ ಒಲೆಗೆ ಹೋಲಿಸಿದರೆ ಸಿಲಿಂಡರ್ ಸ್ವಲ್ಪ ಜಾಸ್ತಿ ದಿನ ಬರುತ್ತದೆ. ವಾಲ್ವ್‌ಗೆ ಎಷ್ಟು ವರ್ಷ ವಾರಂಟಿ ಅಂತ ಬಿಡಿಸಿ ಕೇಳಿ. ಅಂಗಡಿಯವರು ಗಾಜಿಗೆ ಕೊಟ್ಟಿರುವ ವಾರಂಟಿಯನ್ನೇ ಇಡೀ ಒಲೆಗೆ ಅನ್ನುವಂತೆ ಹೇಳುವುದುಂಟು.

ನನ್ನ ಒಲವು ಸ್ಟೀಲ್ ಕಡೆಗೆ, ಲೈಟರ್ ಕಡೆಗೆ. ಆಟೋ ಇಗ್ನಿಷನ್ ಅನುಕೂಲವೇ. ಆದರೆ ಒಲೆಯಲ್ಲಿ ಕೆಡುವ ಭಾಗ ಅದರಿಂದ ಇನ್ನೊಂದು ಹೆಚ್ಚುತ್ತದೆ. ಇನ್ನು ಗಾಜು ಒರೆಸಲು ಸುಲಭ, ಅಡುಗೆಮನೆಗೆ ಲಕ್ಷಣ. ಅದನ್ನು ಇಷ್ಟಪಡುವವರ ಜೊತೆ ಜಗಳವಿಲ್ಲ.

ಇಂಡಕ್ಷನ್ ತಂದರೆ ಹೇಗೆ?

ಒಲೆ ಬದಲು ಇಂಡಕ್ಷನ್ ತಂದುಬಿಡೋಣ ಅನ್ನುವವರೂ ಇದ್ದಾರೆ. ಸುಮಾರು 2,000ರಿಂದ 3,500 ರೂಪಾಯಿ. ಸೋರುವ ಭಯ ಇಲ್ಲ. ಆದರೆ ಪೂರ್ತಿ ಉರಿಗೆ ಇಟ್ಟರೆ 2,000 ವಾಟ್‌ವರೆಗೆ ಎಳೆಯುತ್ತದೆ, 16 ಆಂಪಿಯರ್ ಸಾಕೆಟ್ ಇದ್ದರೆ ಒಳ್ಳೆಯದು. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ಪಾತ್ರೆ ಅದರ ಮೇಲೆ ಕೆಲಸ ಮಾಡುವುದಿಲ್ಲ. ರೊಟ್ಟಿ ಸುಡಲು, ಬದನೆಕಾಯಿ ಸುಡಲು ಉರಿಯೇ ಬೇಕಲ್ವಾ? ಕರೆಂಟ್ ಹೋದರೆ ಅಡುಗೆ ನಿಂತಂತೆ. ಒಬ್ಬರೇ ಇರುವ ಬಾಡಿಗೆ ಕೋಣೆಗೆ ಇದೊಂದೇ ಸಾಕು. ತುಂಬಿದ ಮನೆಗೆ, ಒಲೆ ರಿಪೇರಿಗೆ ಹೋದಾಗ ಕೈಗೆ ಬರುವ ಜೊತೆಗಾರ ಅಷ್ಟೇ.

ಯಾರಿಗೆ ಯಾವುದು?

ಹಳೆಯ, ಭಾರದ ಸ್ಟೀಲ್ ಒಲೆ, ತಳ ಗಟ್ಟಿ, ಎಲ್ಲೂ ವಾಸನೆ ಇಲ್ಲ: ಗ್ರೀಸ್. ಅದೇ ಒಲೆಯಲ್ಲಿ ಒಂದು ವಾಲ್ವ್ ಸೋರುತ್ತಿದೆ: ಆ ಒಂದನ್ನು ಬದಲಿಸಿ. ಕೊಂಡು ನಾಲ್ಕೈದು ವರ್ಷವಾದ ತೆಳು ತಗಡಿನ ಅಗ್ಗದ ಒಲೆ, ಎರಡೂ ವಾಲ್ವ್ ಬಿಗಿ: ರಿಪೇರಿ ಬಿಡಿ, ಸ್ವಲ್ಪ ಗಟ್ಟಿಯಾದ ಹೊಸದಕ್ಕೆ ಹೋಗಿ. ಗಾಜಿನ ಒಲೆ, ವಾರಂಟಿ ಇನ್ನೂ ಇದೆ: ಹೊರಗಿನವರ ಕೈಗೆ ಕೊಡಲೇಬೇಡಿ, ವಾರಂಟಿ ಹೋಗುತ್ತದೆ.

ವಯಸ್ಸಾದವರು ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ನನ್ನ ಲೆಕ್ಕ ಬೇರೆ. ಬೆರಳಲ್ಲಿ ಬಲ ಕಡಿಮೆ, ಮೂಗಿಗೆ ವಾಸನೆಯೂ ತಡವಾಗಿ ಗೊತ್ತಾಗಬಹುದು. ಅಲ್ಲಿ ದುಡ್ಡಿನ ಮುಖ ನೋಡದೆ ಅನುಮಾನದ ವಾಲ್ವ್ ಬದಲಿಸಿ, ಅಥವಾ ಹೊಸ ಒಲೆ ತಂದುಬಿಡಿ.

ಬೆಂಗಳೂರಿನಂಥ ಊರಲ್ಲಿ ನಿಮ್ಮ ಬೀದಿಗೆ ಕೊಳವೆ ಗ್ಯಾಸ್ (ಪಿಎನ್‌ಜಿ) ಬರುವುದಿದ್ದರೆ ಸ್ವಲ್ಪ ತಾಳಿ. ಪಿಎನ್‌ಜಿ ಬರುವುದು ಎಲ್‌ಪಿಜಿಗಿಂತ ಕಡಿಮೆ ಒತ್ತಡದಲ್ಲಿ. ಎಲ್‌ಪಿಜಿ ಒಲೆಯಲ್ಲಿ ಅದನ್ನು ಉರಿಸಲು ದೊಡ್ಡ ತೂತಿನ ಜೆಟ್ ಹಾಕಬೇಕು. ಈಗ ಗ್ರೀಸ್ ಹಾಕಿಸಿ ದಿನ ತಳ್ಳಿ. ಸಂಪರ್ಕ ಕೊಡುವಾಗ ಜೆಟ್ ಕೆಲಸ ಹೇಗೂ ಆಗುತ್ತದೆ, ವಾಲ್ವ್ ವಿಷಯವನ್ನೂ ಆಗಲೇ ತೀರ್ಮಾನಿಸಬಹುದು.

ಅಮೆರಿಕದಲ್ಲಿರುವ ಓದುಗರ ಹಿತ್ತಿಲ ಗ್ಯಾಸ್ ಗ್ರಿಲ್‌ಗೂ ಮೂಲ ತತ್ವ ಇದೇ. ಆದರೆ ಅಲ್ಲಿ ಗ್ರಿಲ್ ಮಳೆ, ಹಿಮಕ್ಕೆ ಹೊರಗೇ ನಿಂತಿರುತ್ತದೆ, ವಾಲ್ವ್‌ನ ಗೂಡು ಹೆಚ್ಚಾಗಿ ಅಲ್ಯೂಮಿನಿಯಂನದು. ಬಿಚ್ಚಿ ಗ್ರೀಸ್ ಹಾಕುವ ಕುಶಲಿ ಸಿಗುವುದು ಕಷ್ಟ, ಸಿಕ್ಕರೂ ಕೂಲಿ ದುಬಾರಿ. ಆ ಮಾದರಿಯದೇ ವಾಲ್ವ್ ಸಿಕ್ಕರೆ ಬದಲಿಸಿ. ಪ್ರೊಪೇನ್‌ನದೋ ನ್ಯಾಚುರಲ್ ಗ್ಯಾಸ್‌ನದೋ ನೋಡಿಕೊಂಡು ತರಿಸಿ.

ಕೆಲಸಕ್ಕೆ ಯಾರನ್ನು ಕರೆಯಬೇಕು?

ಮೊದಲು ನಿಮ್ಮ ಗ್ಯಾಸ್ ವಿತರಕರಿಗೆ ಫೋನ್ ಮಾಡಿ, ಅವರ ಮೆಕ್ಯಾನಿಕ್ ಇರುತ್ತಾರೆ. ಕಂಪನಿ ಸರ್ವಿಸ್ ಸೆಂಟರ್ ನಿಧಾನ, ಆದರೆ ಭಾಗ ಸರಿಯಾದದ್ದು. ವರ್ಷಗಳಿಂದ ಒಂದೇ ಜಾಗದಲ್ಲಿ ಕೂತಿರುವ ಸ್ಟವ್ ರಿಪೇರಿ ಅಂಗಡಿಯವರ ಕೈಗುಣ ಅನೇಕ ಸಲ ಇಬ್ಬರಿಗಿಂತ ಚೆನ್ನಾಗಿರುತ್ತದೆ. "ಗ್ಯಾಸ್ ಆಫೀಸಿನಿಂದ ಬಂದಿದ್ದೀವಿ, ಚೆಕಿಂಗ್" ಅಂತ ಕರೆಯದೆ ಬಾಗಿಲಿಗೆ ಬಂದವರನ್ನು ಮಾತ್ರ ಒಳಗೆ ಬಿಡುವ ಮೊದಲು ಗುರುತಿನ ಚೀಟಿ ಕೇಳಿ, ವಿತರಕರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. 5 ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇರುವುದು ನಿಜ. ಆ ಹೆಸರಿನಲ್ಲಿ ಬೇಡದ ಭಾಗ ಮಾರಿ ಹೋಗುವವರೂ ಇದ್ದಾರೆ.

ಒಲೆ ಬಿಚ್ಚಿದ್ದೇ ಆದರೆ ರಬ್ಬರ್ ಟ್ಯೂಬ್ ಮೇಲಿನ ದಿನಾಂಕವನ್ನೂ ನೋಡಿ. ಒಳಗೆ ತಂತಿ ಇರುವ ಸುರಕ್ಷಾ ಟ್ಯೂಬ್‌ಗೂ ಆಯಸ್ಸು 5 ವರ್ಷ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಸೋಪಿನ ನೊರೆಯ ಪರೀಕ್ಷೆ ಆಗಬೇಕು. ರೆಗ್ಯುಲೇಟರ್ ಆನ್, ಎಲ್ಲ ನಾಬ್ ಆಫ್. ವಾಲ್ವ್ ಕೊಳವೆಗೆ ಸೇರುವ ಜಾಗಕ್ಕೆ, ಕಡ್ಡಿಯ ಬುಡಕ್ಕೆ, ಜೆಟ್‌ನ ತುದಿಗೆ ನೊರೆ ಹಚ್ಚಿಸಿ. ಸೇರುವ ಜಾಗದಲ್ಲಿ ಗುಳ್ಳೆ ಬಂದರೆ ಮರೆ ಸೋರುತ್ತಿದೆ. ಜೆಟ್ ತುದಿಯಲ್ಲಿ ಬಂದರೆ ಬಿರಡೆ ಮುಚ್ಚುತ್ತಿಲ್ಲ. ಆಮೇಲೆ ಜೆಟ್ ಒರೆಸಿ, ಒಲೆ ಹಚ್ಚಿ, ಸಿಮ್‌ನಲ್ಲೂ ಪೂರ್ತಿಯಲ್ಲೂ ಕಡ್ಡಿಯ ಬುಡಕ್ಕೆ ಮತ್ತೆ ಹಚ್ಚಿ ನೋಡಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಬಂದರೆ ಅಲ್ಲೇ ನಿಲ್ಲಿಸಿ, ಕಳಿಸಿಬಿಡಿ. ಹೊಸ ವಾಲ್ವ್ ಹಾಕಿದ್ದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ. ನಿಜವಾಗಿ ಬದಲಿಸಿದ್ದಾರೆ ಅಂತಲೂ ಗೊತ್ತಾಗುತ್ತದೆ, ಮುಂದಿನ ಸಲ ಅಂಗಡಿಗೆ ಅಳತೆಗೂ ಬರುತ್ತದೆ.